ದರ್ಜಿಯ ಚೆಕ್ಕುಬಂದಿ

ವಕೀಲರ ಸಂಘದ ಸಭೆಯಲ್ಲಿ ಸೆಕೆ ತಡೆಯಲಾರದೆ, ಕಿಟಕಿ ತೆಗೆಸೋಣವೆಂದು ಕೈ ಎತ್ತಿದ್ದೇ ಕ್ರಯಪತ್ರದ ವಕೀಲರು ಮಾಡಿದ ತಪ್ಪು. "ಪುಕ್ಕಟೆ ಸೇವೆಗೆ ಇನ್ನೊಬ್ಬರು ಸಿಕ್ಕರು!" ಎಂದು ಕಾರ್ಯದರ್ಶಿ ಹೆಸರು ಬರೆದುಕೊಂಡೇಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟು ಚಪ್ಪಾಳೆ ತಟ್ಟಿಸಿಕೊಂಡ ಮೇಲೆ ಕಿಟಕಿಯ ಮಾತು ಎತ್ತುವುದು ಹೇಗೆ?

ಹದಿನೆಂಟು ವರ್ಷ ಮನೆ, ಸೈಟುಗಳ ಪತ್ರ ಬರೆದೇ ಬದುಕಿದ ಈ ಪುಣ್ಯಾತ್ಮರು ನ್ಯಾಯಾಧೀಶರ ಮುಂದೆ ಒಮ್ಮೆಯೂ ಬಾಯಿ ಬಿಟ್ಟವರಲ್ಲ. ಅವರ ಪಾಲಿಗೆ ಬಂದದ್ದು ಹೊರದೇಶದಿಂದ ಬಂದು ನೆಲೆಸಿದ ಒಬ್ಬ ದರ್ಜಿ. ವಲಸೆ ಇಲಾಖೆಯವರು ಅವನನ್ನು ಕೂಡಿಹಾಕಿ ನಲವತ್ತೇಳು ದಿನವಾಗಿತ್ತು. ಕೋರ್ಟಿನ ಅಪ್ಪಣೆಯಿಲ್ಲದೆ ಮೂವತ್ತು ದಿನ ದಾಟಿ ಇಡುವಂತಿಲ್ಲ. ಅಪ್ಪಣೆಯನ್ನು ಯಾರೂ ಕೇಳಿರಲೂ ಇಲ್ಲ. ಇವತ್ತು ಸಂಜೆ ಐದಕ್ಕೆ ಅವನನ್ನು ವಿಮಾನ ಹತ್ತಿಸುತ್ತಾರೆ. ಆಮೇಲೆ ಹೆಂಡತಿ ಇಲ್ಲಿ, ಅವನು ಅಲ್ಲಿ.

"ಅಣ್ಣಾ, ನಮ್ಮ ಮನೆಯವರು ಬರ್ತಾರೆ ಅಲ್ವಾ?" ದರ್ಜಿಯ ಹೆಂಡತಿ ಬೆಳಗಿನಿಂದ ಏಳನೇ ಸಲ ಕೇಳಿದಳು.

"ಬರ್ತಾರಮ್ಮ," ಎಂದರು ವಕೀಲರು.

ಬಿಡುಗಡೆಯ ಅರ್ಜಿ ಬರೆಯುವ ಗಾಬರಿಯಲ್ಲಿ ಕೈ ಕ್ರಯಪತ್ರದ ಹಳೆಯ ಚಾಳಿಗೇ ಬಿದ್ದಿತ್ತು. ಪಕ್ಕದ ಮೇಜಿನ ಹಿರಿಯ ವಕೀಲರು ಅದನ್ನು ಕಿತ್ತುಕೊಂಡು ಓದಿದರು. ಯಾರ ಕಾಗದ ಕಂಡರೂ ಮೂಗು ತೂರಿಸುವ ಇವರಿಗೆ ತಿದ್ದುಪಡಿ ಸಾಹೇಬರೆಂದೇ ಹೆಸರು.

"ಏನ್ರೀ ಇದು? 'ಸದರಿ ದರ್ಜಿಗೆ ಚೆಕ್ಕುಬಂದಿ: ಪೂರ್ವಕ್ಕೆ ಗೋಡೆ, ಪಶ್ಚಿಮಕ್ಕೆ ಕಬ್ಬಿಣದ ಬಾಗಿಲು, ಉತ್ತರಕ್ಕೆ ಇನ್ನೊಬ್ಬ ಬಂಧಿ, ದಕ್ಷಿಣಕ್ಕೆ ಕಕ್ಕಸು!' ಮನುಷ್ಯನ್ನ ಬಿಡಿಸ್ತಿದ್ದೀರೋ, ಮಾರ್ತಿದ್ದೀರೋ?"

ಸಾಹೇಬರು ಕೆಂಪು ಪೆನ್ನಿನಿಂದ ಮೂರು ಪುಟ ತಿದ್ದಿದರು. ಟೈಪು ಮಾಡಿಸುವಷ್ಟರಲ್ಲಿ ಹನ್ನೆರಡು ಹೊಡೆಯಿತು. "ಪುಟದ ನಂಬರೇ ಇಲ್ವಲ್ಲ," ಎಂದು ಕೋರ್ಟಿನ ಕೌಂಟರಿನ ಗುಮಾಸ್ತ ಕಟ್ಟನ್ನು ಹಿಂದಕ್ಕೆ ತಳ್ಳಿದ. ವಕೀಲರು ನೆಲದ ಮೇಲೇ ಕೂತು ನಂಬರು ಹಾಕಿದರು. ಒಂದು ಗಂಟೆಗೆ ಅಂತೂ ಮುದ್ರೆ ಬಿತ್ತು. ಬಿದ್ದದ್ದು ತಿದ್ದದ ಪ್ರತಿಯ ಮೇಲೆ!

ಮೂರೂವರೆಗೆ ಕೋರ್ಟಿನಲ್ಲಿ ಹೆಸರು ಕೂಗಿದರು. ನ್ಯಾಯಾಧೀಶರು ಚೆಕ್ಕುಬಂದಿಯನ್ನು ಗಟ್ಟಿಯಾಗಿ ಓದಿದಾಗ ಹಿಂದಿನ ಬೆಂಚುಗಳು ಕಿಸಕ್ಕೆಂದವು. ಅವರು ಮಾತ್ರ ನಗಲಿಲ್ಲ.

"ಇಷ್ಟು ಜಾಗದಲ್ಲಿ ನಲವತ್ತೇಳು ದಿನವೇ? ಯಾರ ಅಪ್ಪಣೆ?"

"ಯಾರದೂ ಇಲ್ಲ ಸ್ವಾಮಿ, ಅದೇ ನಮ್ಮ ತಕರಾರು," ಎಂದರು ವಕೀಲರು. ಮಾತು ನೆಟ್ಟಗೆ ಬಂದದ್ದು ಅವರಿಗೇ ಆಶ್ಚರ್ಯ.

ಸರ್ಕಾರಿ ವಕೀಲರು ಎದ್ದರು. "ಸ್ವಾಮಿ, ಅರ್ಜಿಯ ಪ್ರತಿ ಕೈಸೇರಿದ ಕೂಡಲೇ, ಎರಡು ಗಂಟೆಗೇ ಅವರನ್ನ ಬಿಟ್ಟಾಯ್ತು. ಅಂಥವರು ಯಾರೂ ಈಗ ನಮ್ಮ ವಶದಲ್ಲಿಲ್ಲ."

ನ್ಯಾಯಾಧೀಶರು ಅದನ್ನೇ ಬರೆಸಿ ಅರ್ಜಿ ಮುಗಿಸಿದರು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ನನ್ನ ತಿದ್ದುಪಡಿ ಹೆಂಗೆ ಕೆಲಸ ಮಾಡ್ತು ನೋಡಿ!" ಎಂದರು ತಿದ್ದುಪಡಿ ಸಾಹೇಬರು. ವಕೀಲರಿಗೆ ಅವರ ಮೇಲೂ ಪ್ರೀತಿ ಉಕ್ಕಿತು.

ಆದೇಶ ಹಿಡಿದು ಮೆಟ್ಟಿಲಿಳಿದರೆ, ಕೋರ್ಟಿನ ಗೇಟಿನಲ್ಲಿ ಇಲಾಖೆಯ ವ್ಯಾನು. ಜಾಲರಿಯ ಹಿಂದೆ ದರ್ಜಿ!

"ಗೇಟಲ್ಲಿ ಗುರುತಿನ ಚೀಟಿ ಕೇಳಿದ್ರು, ಇವನ ಹತ್ರ ಇರ್ಲಿಲ್ಲ, ಹಿಡ್ಕೊಂಡ್ವಿ," ಎಂದ ಅಧಿಕಾರಿ. "ಚೀಟೀನ ನಮ್ಮ ಆಫೀಸಿನವರೇ ಇಟ್ಕೊಂಡಿದ್ದಾರೆ ಅಂತಾನೆ."

"ಇದನ್ನ ಓದ್ರೀ! ಇವರು ನಿಮ್ಮ ವಶದಲ್ಲಿಲ್ಲ ಅಂತ ಕೋರ್ಟೇ ಹೇಳಿದೆ!"

ಅಧಿಕಾರಿ ಸಾವಧಾನವಾಗಿ ಓದಿದ. "ಅದು ಹಳೇ ಬಂಧನ ಸಾರ್. ಇದು ಹೊಸದು, ಇವತ್ತು ಮೊದಲನೇ ದಿನ. ಮೂವತ್ತರವರೆಗೂ ನೀವು ಕೇಳೋ ಹಾಗಿಲ್ಲ. ಇವತ್ತಿನ ವಿಮಾನದ ಟಿಕೆಟ್ಟು ರದ್ದಾಯ್ತು, ಮುಂದಿನ ವಿಮಾನ ಇಪ್ಪತ್ತೊಂಬತ್ತನೇ ದಿನಕ್ಕೆ."

ಹೆಂಡತಿ ವ್ಯಾನಿನ ಬಾಗಿಲನ್ನು ಎರಡೂ ಕೈಯಿಂದ ಬಡಿಯುತ್ತಿದ್ದಳು. ದರ್ಜಿ ಜಾಲರಿಗೆ ಮುಖ ಒತ್ತಿ ವಕೀಲರನ್ನು ಕರೆದ.

"ಸಾರ್, ನನ್ನನ್ನ ಬಿಟ್ಬಿಟ್ರು! ನೀವು ಪಾಪ ಸುಮ್ನೆ ಒದ್ದಾಡ್ತಿರ್ತೀರಿ ಅಂತ, ಅದನ್ನ ಹೇಳೋಕೇ ಓಡಿ ಬಂದೆ!"