ರಾಜಾ ಸಿಕ್ಕರೆ ರಜಾ

ಈ ರಾದ್ಧಾಂತಕ್ಕೆಲ್ಲ ಕಾರಣ ಅರ್ಧ ಕಿಲೋ ಸಿಗಡಿ, ಅಂದರೆ ನಮ್ಮ ಕಡೆಯ ಶೆಟ್ಲಿ. ಅದು ಬುಧವಾರವೇ ಸತ್ತದ್ದು. ಭಾನುವಾರದವರೆಗೂ ಸದ್ಗತಿ ಕಂಡಿರಲಿಲ್ಲ. ಕತೆ ಸುಳ್ಳೆಂದು ಅನುಮಾನವಿದ್ದವರು ಹಾರವಾಡದ ಬಸ್ ಸ್ಟಾಪಿಗೆ ಹೋಗಿ ಮೂಗೆಳೆದು ನೋಡಬಹುದು. ಸಾಕ್ಷಿ ಇನ್ನೂ ಸ್ವಲ್ಪ ಉಳಿದಿರುತ್ತದೆ.

ಶೆಟ್ಲಿಯ ಒಡೆಯ ಮಂಗೇಶ, ಕಾರವಾರದ ಒಂದು ಕಚೇರಿಯ ಗುಮಾಸ್ತ. ಇಪ್ಪತ್ತಾರು ವರ್ಷ ಕಡತಗಳ ನಡುವೆ ಕೂತು ಅವನ ಮುಖವೂ ಹಳೆಯ ಕಡತದ ರಟ್ಟಿನಂತಾಗಿತ್ತು. ಬದುಕಿನಲ್ಲಿ ಉಳಿದಿದ್ದ ಆಸೆ ಒಂದೇ: ಭಾನುವಾರ ಮೀನು ಸಾರು ಉಂಡು, ಫ್ಯಾನಿನ ಕೆಳಗೆ ಬಿದ್ದು, ಸಂಜೆ ಐದಕ್ಕೆ ತನ್ನದೇ ಗೊರಕೆಗೆ ಎಚ್ಚರಾಗುವುದು. ಎಂಟು ತಿಂಗಳಿಂದ ಅದೂ ಇರಲಿಲ್ಲ. ಹೊಸದಾಗಿ ಬಂದ ಅಧಿಕಾರಿ ವಿಜೇತಾ ಮೇಡಂಗೆ ಚಿಟ್ಟೆಯ ಹುಚ್ಚು. ಪ್ರತಿ ಭಾನುವಾರ ಇಡೀ ಆಫೀಸು ಗುಡ್ಡ ಹತ್ತಬೇಕು, ಚಿಟ್ಟೆ ಕಂಡರೆ ಉಸಿರು ಹಿಡಿಯಬೇಕು, ಮೇಡಂ ಫೋಟೋ ತೆಗೆದು ಹೆಸರನ್ನು ಪಟ್ಟಿಗೆ ಸೇರಿಸಬೇಕು.

ಪಟ್ಟಿ ತೊಂಬತ್ತೊಂಬತ್ತಕ್ಕೆ ಬಂದು ನಿಂತಿತ್ತು. “ನೂರಾದ ದಿನ ಚಿಟ್ಟೆ ಪಟ್ಟಿ ಮುಗೀತು, ಪ್ರಾಮಿಸ್,” ಎಂದಿದ್ದರು ಮೇಡಂ. ಅವರಿಗೆ ಬೇಕಾಗಿದ್ದ ನೂರನೆಯದು ಬ್ಲ್ಯಾಕ್ ರಾಜಾ. ಕಪ್ಪು ರೆಕ್ಕೆ, ಮೇಲೆ ಹಳದಿ ಪಟ್ಟಿ, ಹಿಂದೆ ಎರಡೆರಡು ಬಾಲ. ಹೂವಿನ ಕಡೆ ತಿರುಗಿಯೂ ನೋಡುವುದಿಲ್ಲ. ಕೊಳೆತ ಏಡಿ, ನಾರುವ ಸಿಗಡಿ ಇಟ್ಟರೆ ಮಾತ್ರ ಮರದ ತುದಿಯಿಂದ ಇಳಿದು ಬರುತ್ತದಂತೆ.

“ಅಂತೂ ನಮ್ಮ ಕಾರವಾರದ್ದೇ,” ಎಂದ ಪಕ್ಕದ ಟೇಬಲಿನ ಸಂದೇಶ. ಆಫೀಸಿನಲ್ಲಿ ಯಾರ ಧ್ವನಿ ಬೇಕಾದರೂ ತೆಗೆಯಬಲ್ಲ ಆಸಾಮಿ. “ರಾಜಾ ಸಿಕ್ಕರೆ ರಜಾ, ಮಂಗೇಶಣ್ಣಾ! ಬಿಡಬ್ಯಾಡ!”

ಮಂಗೇಶ ಅವತ್ತೇ ಶೆಟ್ಲಿ ತಂದು, ಡಬ್ಬಿಗೆ ಹಾಕಿ, ಬಾಲ್ಕನಿಯಲ್ಲಿಟ್ಟ.

“ಪಕ್ಕದ್ಮನೆಯೋರು ಇಲಿ ಸತ್ತದ್ಯಾ ಕೇಳೂಕೆ ಹಿಡ್ದಾರೆ,” ಎಂದಳು ಹೆಂಡತಿ ಮಂದಾಕಿನಿ, ಸೆರಗು ಮೂಗಿಗೊತ್ತಿ. “ಈ ಮನೇಲಿ ಆ ಡಬ್ಬಿ ಇರಬೇಕು, ಇಲ್ಲಾ ನಾ ಇರಬೇಕು.”

ಮಂಗೇಶ ಅರೆಕ್ಷಣ ಯೋಚಿಸಿದ. ಆ ಅರೆಕ್ಷಣದ ತಪ್ಪಿಗೆ ಮೂರು ದಿನ ಬರೀ ಗಂಜಿ ಕುಡಿದ.

ಭಾನುವಾರ ಬೆಳಿಗ್ಗೆ ಎಲ್ಲರೂ ಮೇಡಂ ಕಾರಿನಲ್ಲಿ ಅವರ್ಸಾಕ್ಕೆ ಹೊರಟರು. ಡಬ್ಬಿ ಹಿಡಿದು ನಿಂತ ಮಂಗೇಶನಿಗೆ ಮೇಡಂ ಗಾಜನ್ನು ಒಂದಿಂಚು ಮಾತ್ರ ಇಳಿಸಿ ಹೇಳಿದರು: “ಕಾರಲ್ಲಿ ಎಸಿ ಇದೆ, ಮಂಗೇಶ್. ನೀವಿಬ್ರೂ ಬಸ್ಸಿಗೆ ಬನ್ನಿ.”

ಮಂಗೇಶನೂ ಡಬ್ಬಿಯೂ ಇಬ್ಬರೂ ಅಂಕೋಲೆಯ ಬಸ್ಸು ಹತ್ತಿದರು. ಬಿಣಗಾ ದಾಟುವಷ್ಟರಲ್ಲಿ ಬಸ್ಸಿನ ಮೂಗುಗಳೆಲ್ಲ ಮೀನು ಮಾರುವ ತಿಮ್ಮಿಯ ಬುಟ್ಟಿಯತ್ತ ತಿರುಗಿದವು.

“ಎಂಥಾ ಮೀನೇ ಅದು? ಬುಟ್ಟಿ ಹಿಂದೆ ಇಡು ಅಕ್ಕಾ,” ಎಂದ ಕಂಡಕ್ಟರ್.

ತಿಮ್ಮಿ ಎದ್ದು ನಿಂತಳು. “ನನ್ನ ಬಂಗಡೆಗೆ ನಾತ ಅಂತ್ಯಾ? ಈಗಷ್ಟೇ ದೋಣಿ ಇಳ್ದದ್ದು! ಬಾ, ಮೂಸಿ ನೋಡು!” ಮಾನ ಉಳಿಸಿಕೊಳ್ಳಲು ಅವಳೇ ಪೊಲೀಸ್ ನಾಯಿಯಂತೆ ಸೀಟು ಸೀಟು ಮೂಸುತ್ತ ಬಂದು ಮಂಗೇಶನ ಮುಂದೆ ನಿಂತಳು. ಡಬ್ಬಿಯ ಮುಚ್ಚಳ ಎತ್ತಿದವಳು ಹಾಗೇ ಮುಚ್ಚಿದಳು. ಸಿಟ್ಟೆಲ್ಲ ಕರಗಿ ಕನಿಕರವಾಯಿತು.

“ತಮಾ, ಈ ಶೆಟ್ಲಿ ನಿಂಗೆ ಯಾವಳು ಕೊಟ್ಟದ್ದು? ಹೆಸ್ರು ಹೇಳು. ನಾ ಅವಳ್ನ ಕೇಳ್ತೆ.”

“ಯಾರೂ ಅಲ್ಲ. ನಾನೇ ಕೊಳೆಸಿದ್ದು.”

“ಯಾಕ್ರಾ?”

“ಚಿಟ್ಟೆಗೆ.”

ಬಸ್ಸಿನ ಇಂಜಿನ್ ಕೂಡ ಒಂದು ಕ್ಷಣ ಕಿವಿಗೊಟ್ಟಂತಾಯಿತು.

“ಆಫೀಸಿನ ಕೆಲಸ ಅಕ್ಕಾ,” ಎಂದ ಮಂಗೇಶ ಸುಸ್ತಾಗಿ.

“ಸರಕಾರ ಈಗ ಚಿಟ್ಟೆಗೂ ರೇಷನ್ ಕೊಡ್ತದ್ಯಾ!” ಹಿಂದಿನ ಸೀಟಿನಿಂದ ಯಾರೋ ಕೂಗಿದರು. “ನಮ್ಮನೆ ಕಾರ್ಡು ಮೂರು ತಿಂಗಳಾಯ್ತು, ಇನ್ನೂ ಬಂದಿಲ್ಲ!”

ಹಾರವಾಡದಲ್ಲಿ ಕಂಡಕ್ಟರ್ ಸೀಟಿ ಊದಿದ. “ಇಳೀರಿ.”

“ನಾ ಅವರ್ಸಾಕ್ಕೆ ಟಿಕೆಟ್ ತೆಗ್ದದ್ದು!”

“ಟಿಕೆಟ್ ನಿಮಗೆ ತೆಗ್ದದ್ದು. ಅದಕ್ಕಲ್ಲ.”

ಉಳಿದ ದಾರಿ ಕಾಲ್ನಡಿಗೆ. ಹಿಂದೆ ಮೂರು ನಾಯಿ, ಮೇಲೆ ಕಾಗೆಗಳ ಹಿಂಡು. ದೂರದಿಂದ ನೋಡಿದವರಿಗೆ ಯಾರದೋ ತಿಥಿಯೇ ಎದ್ದು ಹೊರಟಂತೆ ಕಂಡಿರಬೇಕು. ಗುಡ್ಡದ ಬುಡದ ಹಳ್ಳದ ಹತ್ತಿರ ತಲುಪಿದಾಗ ಹತ್ತೂವರೆ.

“ಈಗ ಬರೋದಾ?” ಎಂದರು ಮೇಡಂ. “ಅದನ್ನ ಆ ಬಂಡೆ ಮೇಲೆ ತೆರೆದಿಟ್ಟು ಕಾಯ್ತಿರಿ. ನಾವು ಮೇಲೊಂದು ಸುತ್ತು ಹೋಗಿ ಬರ್ತೀವಿ.”

ಮಂಗೇಶ ನಾಯಿಗಳನ್ನು ಓಡಿಸಿ ಕಾಯಲು ಕೂತ. ರೆಪ್ಪೆ ಕಲ್ಲಿನಷ್ಟು ಭಾರವಾಯಿತು. ಹಳ್ಳಕ್ಕಿಳಿದು ಮುಖ ತೊಳೆದು ತಿರುಗಿದರೆ, ಬಂಡೆಯ ಮೇಲೆ, ಡಬ್ಬಿಯ ಪಕ್ಕದಲ್ಲೇ, ಕಪ್ಪು ರೆಕ್ಕೆ! ಹಳದಿ ಪಟ್ಟಿ!

“ಅಲ್ಲಾಡಬೇಡಿ, ಮಂಗೇಶ್!” ಹಿಂದಿನ ಪೊದೆಯಿಂದ ಮೇಡಂ ಧ್ವನಿ ಬಂತು. “ಕ್ಯಾಮರಾ ತರ್ತೀನಿ. ಉಸಿರೂ ಬಿಡಬೇಡಿ.”

ಒಂದು ಕಾಲು ನೀರಿನಲ್ಲಿ, ಒಂದು ಕಾಲು ದಂಡೆಯ ಮೇಲೆ, ಬೆನ್ನು ಬಾಗಿಸಿಕೊಂಡೇ ಮಂಗೇಶ ನಿಂತ. ದಂಡೆಯ ಕಾಲನ್ನು ಕೆಂಪಿರುವೆ ಹತ್ತಿತು. ನೀರಿನ ಕಾಲು ಜೋಮು ಹಿಡಿಯಿತು. ಮುಂದಿನ ಭಾನುವಾರದ ಬಂಗಡೆ ಸಾರನ್ನು ನೆನೆದು ಎಲ್ಲವನ್ನೂ ಸಹಿಸಿದ. ಕಾಲು ಗಂಟೆಯ ಮೇಲೆ ಮೇಡಂ ಉಳಿದವರೊಂದಿಗೆ ಬಂದರು, ಆದರೆ ಪೊದೆಯಿಂದಲ್ಲ, ಗುಡ್ಡದ ಮೇಲಿಂದ.

“ಯಾಕೆ ಮಂಗೇಶ್, ಸೊಂಟ ಹಿಡೀತಾ?”

ಅವನು ಕಣ್ಣಿನಲ್ಲೇ ಬಂಡೆ ತೋರಿಸಿದ. ಮೇಡಂ ತುದಿಗಾಲಿನಲ್ಲಿ ಹೋಗಿ, ಮೊಣಕಾಲೂರಿ, ಕ್ಯಾಮರಾ ಕಣ್ಣಿಗೆ ಹಿಡಿದರು. ಲೆನ್ಸ್ ತಿರುಗಿಸಿದರು, ಮತ್ತೆ ತಿರುಗಿಸಿದರು.

“ಮಂಗೇಶ್, ಇದಕ್ಕೆ ಸ್ಪ್ರಿಂಗ್ ಇದೆ.”

ಟೈಪಿಸ್ಟ್ ಪೂಜಾ ತಲೆ ತಡಕಿಕೊಂಡಳು. “ಅಯ್ಯೋ, ನನ್ನ ಚಿಟ್ಟೆ ಕ್ಲಿಪ್ಪು!”

“ಉಸಿರೂ ಬಿಡಬೇಡಿ, ಮಂಗೇಶ್,” ಎನ್ನುತ್ತ ಪೊದೆಯಿಂದ ಮೇಡಂ ಧ್ವನಿಯ ಹಿಂದೆಯೇ ಸಂದೇಶ ಹೊರಬಂದ. ಮೇಡಂ ಮೊದಲು ಬೆಚ್ಚಿದರು, ಆಮೇಲೆ ಅವರೇ ನಕ್ಕರು. ಎಲ್ಲರೂ ಹೊಟ್ಟೆ ಹಿಡಿದುಕೊಂಡರು.

ಮಂಗೇಶ ಅವನ ಕಾಲರ್ ಹಿಡಿಯಲು ಧಾವಿಸಿದ. ಜೋಮು ಹಿಡಿದ ಕಾಲು ಮಾತ್ರ ಧಾವಿಸಲಿಲ್ಲ. ಬಂಡೆಗೆ ಬಡಿದು, ಅಂಗಾತ ಬಿದ್ದ. ಡಬ್ಬಿ ಮಗುಚಿ ನಾಲ್ಕು ದಿನದ ರಸವೆಲ್ಲ ಅಂಗಿಯ ಮೇಲೆ. ನಗು ಇಮ್ಮಡಿಯಾಯಿತು. ಏಳುವ ಶಕ್ತಿಯೂ ಇಲ್ಲದೆ ಅವನು ಕಣ್ಣು ಮುಚ್ಚಿದ.

“ಎಬ್ಬಿಸಬ್ಯಾಡಿ. ನಾ ಇಲ್ಲೇ ಮಲಗ್ತೆ.”

ಎದೆಯ ಮೇಲೆ ಏನೋ ಹಗುರಾಗಿ ಕೂತಂತಾಯಿತು.

“ಅಲ್ಲಾಡಬೇಡಿ, ಮಂಗೇಶ್!”

“ಸಾಕೋ ಸಂದೇಶಾ. ಕ್ಲಿಪ್ಪು ತೆಗಿ ಮಾರಾಯಾ.”

ಒಂದು ಕಣ್ಣು ತೆರೆದ. ಸಂದೇಶನ ಬಾಯಿ ಮುಚ್ಚಿಯೇ ಇತ್ತು. ಅಂಗಿಯ ಜೇಬಿನ ಮೇಲೆ, ಎರಡೆರಡು ಬಾಲದ ಕಪ್ಪು ಜೀವವೊಂದು ಸುರುಳಿ ನಾಲಿಗೆ ಬಿಚ್ಚಿ ಶೆಟ್ಲಿಯ ರಸ ಹೀರುತ್ತಿತ್ತು. ಕ್ಯಾಮರಾ ಟಕ್ ಟಕ್ ಎಂದಿತು.

“ನೂರು!” ಮೇಡಂ ಮಗುವಿನಂತೆ ಕುಣಿದರು. “ಬ್ಲ್ಯಾಕ್ ರಾಜಾ! ನೂರಾಯ್ತು!”

ಮಂಗೇಶನಿಗೆ ಅರ್ಥವಾಗಲು ಎರಡು ಕ್ಷಣ ಬೇಕಾಯಿತು. ಆಮೇಲೆ ಅವನ ಹೊಟ್ಟೆಯ ಆಳದಿಂದ ಎಂಟು ತಿಂಗಳ ಬಾಕಿ ನಗು ಒಟ್ಟಿಗೇ ಎದ್ದು ಬಂತು. ಆ ಅಬ್ಬರಕ್ಕೆ ರಾಜಾ ಹಾರಿಹೋಯಿತು. “ನನ್ನ ಮಂಗ ಮಾಡೂಕೆ ಹೋಗಿ ನಂಗೆ ರಜಾ ಕೊಡಿಸ್ದೆ ನೋಡು!” ಎಂದು ಸಂದೇಶನ ಬೆನ್ನಿಗೆ ಶೆಟ್ಲಿ ಮೆತ್ತಿದ ಕೈಯಿಂದಲೇ ಬಾರಿಸಿದ. ಎಲ್ಲರೂ ಅವನ ಜೊತೆ ನಕ್ಕರು.

ಮೇಡಂ ಪಟ್ಟಿಯ ಪುಸ್ತಕ ಮುಚ್ಚಿ, ಚೀಲದಿಂದ ಇನ್ನೊಂದನ್ನು ತೆಗೆದರು. ಇಟ್ಟಿಗೆಯಷ್ಟು ದಪ್ಪದ್ದು.

“ಹೇಳಿದ ಹಾಗೆ ಚಿಟ್ಟೆ ಪಟ್ಟಿ ಮುಗೀತು. ಮುಂದಿನ ವಾರದಿಂದ ಪತಂಗ.”

“ಅದೆಷ್ಟದೆ ಮೇಡಂ?” ಸಂದೇಶ ಕೇಳಿದ. ಅವತ್ತು ಮೊದಲ ಬಾರಿಗೆ ಅವನದೇ ಧ್ವನಿಯಲ್ಲಿ.

“ದೇಶದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು. ಅವು ಬರೋದು ರಾತ್ರಿ, ಬೆಳಕಿಗೆ. ಹಾಗಾಗಿ ಶನಿವಾರ ಸಂಜೆ ಬಿಳಿ ಪರದೆ ಕಟ್ಟಿ ಕೂತರೆ ಭಾನುವಾರ ಬೆಳಗಿನ ತನಕ. ಮರಕ್ಕೆ ಬಳಿಯೋಕೆ ಕೊಳೆತ ಬಾಳೆಹಣ್ಣು, ಬೆಲ್ಲ ಬೇಕು. ಈ ವಿಷಯದಲ್ಲಿ ನಮ್ಮ ಮಂಗೇಶ್ ಅವರಷ್ಟು ಅನುಭವ ಯಾರಿಗಿದೆ?”

ಕರೆಂಟು ಹೋದ ಫ್ಯಾನಿನಂತೆ ಎಲ್ಲರ ನಗು ನಿಧಾನಕ್ಕೆ ನಿಂತಿತು. ಪೂಜಾ ಕ್ಲಿಪ್ಪನ್ನು ಚೀಲದ ತಳಕ್ಕೆ ತುರುಕಿದಳು. ಸಂದೇಶ ಬಂಡೆಯ ಮೇಲೆ ಕುಸಿದ. ಮಂಗೇಶನ ನಗು ಮಾತ್ರ ನಿಲ್ಲಲಿಲ್ಲ. ನಿಲ್ಲಿಸಿದರೆ ಬಾಯಿಂದ ಬೇರೆ ಏನಾದರೂ ಹೊರಬೀಳುವ ಭಯವಿತ್ತು. ಅದಕ್ಕೇ ಅವನು ಇನ್ನೂ ಗಟ್ಟಿಯಾಗಿ ನಕ್ಕ.