ಚಿಕ್ಕಮ್ಮನ ಜೂನ್ ತಿಂಗಳು

ಒಂದನೇ ತರಗತಿಗೆ ಸೇರಿಸಬೇಕಾದ್ದು ಮಕ್ಕಳನ್ನಲ್ಲ, ಅವರ ಅಪ್ಪ ಅಮ್ಮಂದಿರನ್ನು ಎಂದು ಮನಸಾರೆ ನಂಬಿರುವ ಟೀಚರ್ ಇಡೀ ಮಧುಗಿರಿ ತಾಲ್ಲೂಕಿನಲ್ಲಿ ಒಬ್ಬಳೇ ಇದ್ದಾಳೆ. ಅವಳು ನನ್ನ ಸ್ವಂತ ಚಿಕ್ಕಮ್ಮ! ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಿಗ್ಗೆ ಬಸ್ಸಿನಲ್ಲಿ ಅವಳ ಪಕ್ಕ ಕೂರಬೇಕಾದವಳು ನಾನು, ನೀವಲ್ಲ. ಊರಿನ ಹೆಸರೂ ಬೇಡ. ಐ.ಡಿ.ಹಳ್ಳಿ ಕಡೆಗೆ ಹೋಗುವಾಗ, ಒಂದು ಕೆರೆ ಏರಿ ದಾಟಿದ ಮೇಲೆ ಸಿಗುವ ಸರ್ಕಾರಿ ಶಾಲೆ ಎಂದುಕೊಳ್ಳಿ, ಸಾಕು.

ನಾನು ಕೊರಟಗೆರೆಯವಳು. ಹೊಸದಾಗಿ ಕೆಲಸ ಸಿಕ್ಕಿ ಚಿಕ್ಕಮ್ಮನ ಶಾಲೆಗೇ ಆರ್ಡರ್ ಬಂದಾಗ ನಮ್ಮಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. "ನನ್ ತಂಗಿ ಅಲ್ಲೇ ಅವ್ಳೆ, ಇನ್ನು ನಂಗೆ ಚಿಂತೆ ಇಲ್ಲ ಬುಡು" ಎಂದಳು. ಚಿಂತೆ ಶುರುವಾದದ್ದು ನನಗೆ! ಮಧುಗಿರಿಯಲ್ಲಿ ಚಿಕ್ಕಮ್ಮನ ಮನೆಯಲ್ಲೇ ಉಳಿದುಕೊಂಡು, ಅವಳ ಜೊತೆಯಲ್ಲೇ ಬಸ್ಸು ಹತ್ತಿ ಹೋದೆ. ಶಾಲೆಯ ಗೇಟಿನ ಮುಂದೆ ಅವಳು ನಿಂತು, ಸೆರಗು ಸರಿ ಮಾಡಿಕೊಂಡು, "ನೋಡೇ, ಈ ಗೇಟು ದಾಟಿದ ಮೇಲೆ ನಾನು ನಿಂಗೆ ಚಿಕ್ಕಮ್ಮ ಅಲ್ಲ, ಮೇಡಂ" ಎಂದಳು.

"ಸರಿ ಚಿಕ್ಕಮ್ಮ" ಎಂದೆ. ನನ್ನ ಸರ್ಕಾರಿ ಸೇವೆಯ ಮೊದಲ ಬೈಗುಳ ಅಲ್ಲೇ ಬಿತ್ತು.

ಶಾಲೆ ಶುರುವಾಗುವ ದಿನ ಬೇರೆ ಕಡೆ ಮಕ್ಕಳಿಗೆ ಹೂವು ಕೊಡುತ್ತಾರೆ, ಸಿಹಿ ಹಂಚುತ್ತಾರೆ. ಚಿಕ್ಕಮ್ಮ ಏನು ಮಾಡಿದಳು ಗೊತ್ತೇ? ಒಂದನೇ ತರಗತಿಗೆ ಬಂದ ಮಕ್ಕಳನ್ನೆಲ್ಲ ಬೇವಿನ ಮರದ ಕೆಳಗೆ ನನ್ನ ಮೈಮೇಲೆ ಬಿಟ್ಟು, ಅಪ್ಪ ಅಮ್ಮಂದಿರನ್ನು ಒಳಗೆ ಚಾಪೆಯ ಮೇಲೆ ಕೂರಿಸಿದಳು. ಚಪ್ಪಲಿಯನ್ನು ಹೊರಗೆ ಗೋಡೆಗೆ ಒತ್ತಿ ಜೋಡಿಯಾಗಿ ಬಿಡಬೇಕು. ನೀರಿನ ಬಾಟಲಿ ಕಿಟಕಿ ಕಟ್ಟೆಯ ಮೇಲೆ ಇಡಬೇಕು. ಒಂದಕ್ಕೆ ಹೋಗಬೇಕಾದರೆ ಕಿರುಬೆರಳು ಎತ್ತಬೇಕು. ಇದೆಲ್ಲವನ್ನೂ ಪೋಷಕರೇ ಮಾಡಿ ತೋರಿಸಬೇಕು! ದೊಡ್ಡ ದೊಡ್ಡ ಗಂಡಸರು ಕಿರುಬೆರಳು ಎತ್ತಿಕೊಂಡು ಕೂತದ್ದನ್ನು ಕಿಟಕಿಯಿಂದ ನೋಡಿ ಮಕ್ಕಳು ಅಳುವುದನ್ನೇ ಮರೆತವು.

ಹಾಜರಿಯದ್ದು ಇನ್ನೊಂದು ಕಥೆ. ಹೆಸರು ಕೂಗಿದಾಗ 'ಪ್ರೆಸೆಂಟ್ ಮಿಸ್' ಎನ್ನುವ ಹಾಗಿಲ್ಲ. ಬೆಳಿಗ್ಗೆ ಏನು ತಿಂದೆ ಎಂದು ಹೇಳಬೇಕು. "ಪ್ರೆಸೆಂಟ್ ಅಂತ ಗಿಣಿನೂ ಹೇಳ್ತದೆ. ತಿಂದಿದ್ದು ಹೇಳ್ಬೇಕಾದ್ರೆ ಮಗು ನೆನಪು ಮಾಡ್ಕೋಬೇಕು, ಬಾಯಿ ಬಿಡ್ಬೇಕು" ಎನ್ನುವುದು ಅವಳ ಸಿದ್ಧಾಂತ. ಅದನ್ನೂ ಮೊದಲು ಪೋಷಕರ ಮೇಲೆ ಪ್ರಯೋಗಿಸಿದಳು. ಟ್ರ್ಯಾಕ್ಟರ್ ಇಟ್ಟಿರುವ ಹನುಮಂತರಾಯಪ್ಪನ ಸರದಿ ಬಂತು. ಅವರ ಮೀಸೆಗೆ ಊರಿನ ನಾಯಿಗಳೂ ದಾರಿ ಬಿಡುತ್ತವೆ.

"ನಾನ್ಯಾಕೆ ಹೇಳ್ಬೇಕು ಮೇಡಂ? ಇಸ್ಕೂಲ್ ಸೇರ್ತಿರೋನು ನನ್ ಮಗ" ಎಂದರು.

"ನಿಮ್ಗೇ ಇಷ್ಟು ನಾಚ್ಕೆ ಆದ್ರೆ ಆ ಕೂಸು ಹೆಂಗಪ್ಪ ಹೇಳ್ತದೆ? ಎದ್ದೇಳಿ."

ಹನುಮಂತರಾಯಪ್ಪ ಎದ್ದರು. ಕೈ ಕಟ್ಟಿದರು. ಗಂಟಲು ಸರಿ ಮಾಡಿಕೊಂಡು, "ಮುದ್ದೆ, ಹುರುಳಿಕಾಳು ಸಾರು, ಮಿಸ್!" ಎಂದು ಗೋಡೆ ಅದುರುವಂತೆ ಕೂಗಿದರು. ಕಿಟಕಿಯಲ್ಲಿದ್ದ ಮಗ ಚಪ್ಪಾಳೆ ತಟ್ಟಿದ.

ವಾರ ಕಳೆಯುವುದರೊಳಗೆ ಊರಿನ ಯಾವ ಒಲೆಯ ಮೇಲೆ ಏನಿದೆ ಎಂಬುದು ಒಂದನೇ ತರಗತಿಗೆಲ್ಲ ಗೊತ್ತಾಗಿಹೋಯಿತು. ಒಂದು ದಿನ ಒಬ್ಬ ಹುಡುಗ ಎದ್ದು, "ಏನೂ ಇಲ್ಲ ಮಿಸ್. ಅಮ್ಮ ಅಪ್ಪನ ಮೇಲೆ ತಟ್ಟೆ ಎಸೆದ್ಬುಟ್ಲು" ಎಂದ. ಮಧ್ಯಾಹ್ನಕ್ಕೆ ಸುದ್ದಿ ಊರು ಸುತ್ತಿ ಆ ತಾಯಿಯ ಕಿವಿಗೂ ಬಿತ್ತು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದೇಬಿಟ್ಟಳು.

"ಮೇಡಂ, ನೀವು ಪಾಠ ಮಾಡ್ತೀರೋ, ಇಲ್ಲ ನಮ್ಮನೆ ಜಗಳನ ಊರಿಗೆಲ್ಲ ಹಂಚ್ತೀರೋ?"

"ಪಾಠನೇ ಮಾಡ್ತಿರೋದು ಕಣಮ್ಮ. ಜಗಳ ಆಡು, ಯಾರು ಬೇಡ ಅಂದ್ರು? ತಟ್ಟೆ ಎಸೆಯೋ ಮುಂಚೆ ಮಗೀಗೊಂದಿಷ್ಟು ಬಡಿಸ್ಬುಡು."

ಆ ಹೆಂಗಸು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನಾನೂ ಉಸಿರುಬಿಟ್ಟೆ.

ಪೋಷಕರ ವಾಟ್ಸಾಪ್ ಗ್ರೂಪಿನ ವಿಷಯಕ್ಕೆ ಬರೋಣ. ಚಿಕ್ಕಮ್ಮ ಟೈಪ್ ಮಾಡುವುದಿಲ್ಲ. "ಓದೋಕೆ ಬಾರದ ಅಜ್ಜಿ ತಾತಂದಿರ ಕೈಯಲ್ಲೂ ಫೋನು ಅದೆ ಕಣೇ, ಅವ್ರೇನು ಮಾಡ್ಬೇಕು?" ಎಂದು ಎಲ್ಲವನ್ನೂ ಮಾತಾಡಿಯೇ ಕಳಿಸುತ್ತಾಳೆ. ಒಳ್ಳೆಯದೇ. ಆದರೆ ಅವಳಿಗೆ ಪುರುಸೊತ್ತು ಸಿಗುವುದು ಖಾಸಗಿ ಬಸ್ಸಿನಲ್ಲಿ, ಅದೂ ಬಾಗಿಲ ಪಕ್ಕದ ಸೀಟಿನಲ್ಲಿ! ಒಂದು ಸಂಜೆ ಫೋನನ್ನು ಬಾಯಿಯ ಹತ್ತಿರ ಹಿಡಿದು, "ನಾಳೆ ಬೆಳಿಗ್ಗೆ ಎಲ್ಲಾ ಪೋಷಕರೂ ತಪ್ಪದೇ..." ಎಂದು ಶುರು ಮಾಡಿದಳು. ಅದೇ ಹೊತ್ತಿಗೆ ಕಂಡಕ್ಟರು ಅವಳ ಕಿವಿಯ ಪಕ್ಕದಲ್ಲಿ, "ಮಧುಗಿರಿ ಬಸ್‌ಸ್ಟ್ಯಾಂಡ್! ಬೇಗ ಬೇಗ ಬನ್ನಿ!" ಎಂದು ಅರಚಿದ. ಉಳಿದ ಮಾತನ್ನು ಬಸ್ಸಿನ ಹಾರ್ನ್ ನುಂಗಿತು.

ಮಾರನೆಯ ದಿನ ಶಾಲೆಯಲ್ಲಿ ಸಭೆ. ಉಳಿದವರು ಹೇಗೋ ಊಹಿಸಿ ಶಾಲೆಗೇ ಬಂದಿದ್ದರು, ಇಬ್ಬರು ತಾತಂದಿರು ಮಾತ್ರ ನಾಪತ್ತೆ. ಫೋನು ಮಾಡಿದರೆ ಇಬ್ಬರೂ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ, ಬಿಳಿ ಪಂಚೆ ಉಟ್ಟು, ಮೊಮ್ಮಕ್ಕಳನ್ನೂ ಕೂರಿಸಿಕೊಂಡು ಚಿಕ್ಕಮ್ಮನಿಗಾಗಿ ಕಾಯುತ್ತಿದ್ದಾರೆ!

"ನೀವೇ ಅಲ್ವಾ ಮೇಡಂ ಬೇಗ ಬನ್ನಿ ಅಂದಿದ್ದು?"

"ಅದು ಗಂಡಸಿನ ದನಿ ಅಲ್ವೇನಪ್ಪಾ?"

"ನಿಮ್ಗೆ ಶೀತ ಆಗಿರ್ಬೇಕು ಅಂದ್ಕೊಂಡ್ವಿ."

ಇಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ಹೊಸ ಶಾಲಾ ವರ್ಷದ ಮೊದಲ ತಿಂಗಳು ಯಾವ ಪೋಷಕರಿಗೂ ದೂರು ಹೇಳಬಾರದು, ಮಗುವಿನ ಒಂದು ಒಳ್ಳೆಯ ಸಂಗತಿ ಹೇಳುವುದಕ್ಕೆ ಮಾತ್ರ ಫೋನು ಮಾಡಬೇಕು ಎನ್ನುವುದು ಚಿಕ್ಕಮ್ಮನ ಇನ್ನೊಂದು ಕಾನೂನು. ಆದರೆ ಶಾಲೆಯಿಂದ ಒಳ್ಳೆಯ ಸುದ್ದಿಗಾಗಿ ಫೋನು ಬರುತ್ತದೆ ಎಂದು ಯಾರಾದರೂ ಕನಸಿನಲ್ಲಾದರೂ ಎಣಿಸುತ್ತಾರೆಯೇ? ಸಿರಾದಿಂದ ಬಂದು ಈ ಊರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಇಮ್ತಿಯಾಜ್ ಭಾಯ್‌ಗೆ ಮೊದಲ ಫೋನು ಹೋಯಿತು. "ಶಾಲೆಯಿಂದ ಮಾತಾಡ್ತಿದ್ದೀನಿ, ನಿಮ್ ಮಗ..." ಎನ್ನುವಷ್ಟರಲ್ಲೇ ಆ ಕಡೆ ಫೋನು ಕಟ್ಟಾಯಿತು. ಸ್ವಲ್ಪ ಹೊತ್ತಿಗೆ ಭಾಯ್ ತಲೆಯ ಮೇಲಿನ ಕಪ್ಪು ಕನ್ನಡಕವನ್ನೂ ತೆಗೆಯದೆ ಓಡಿ ಬಂದರು.

"ಯಾರ್ ತಲೆ ಒಡ್ದ ಮೇಡಂ? ಆಸ್ಪತ್ರೆಗೆ ಹೋಗೋಣ್ವಾ?"

"ಯಾರ ತಲೇನೂ ಒಡೀಲಿಲ್ಲ ಭಾಯ್. ಪಕ್ಕದ ಹುಡುಗನ ಜಿಪ್ಪು ಸಿಕ್ಕಾಕ್ಕೊಂಡಿತ್ತು, ನಿಮ್ ಮಗ ಬಿಡಿಸಿಕೊಟ್ಟ. ಅದನ್ನ ಹೇಳೋಣ ಅಂತ."

"ಅಷ್ಟೇನಾ?"

"ಅಷ್ಟೇ."

"ಯಾ ಅಲ್ಲಾ! ಶಟರ್ ಎಳ್ದು ಬಂದೆ ಮೇಡಂ!" ಎಂದು ಭಾಯ್ ಮೆಟ್ಟಿಲ ಮೇಲೆ ಕುಸಿದು ಕೂತರು. ಬಯ್ಯುತ್ತಾರೆ ಎಂದು ನಾನು ಕಾದೆ. ಅವರು ಒಂದು ಲೋಟ ನೀರು ಕುಡಿದು, ಮಗನನ್ನು ಕರೆದು ತಲೆ ಸವರಿ ಹೋದರು. ಆಮೇಲೆ ಅವರೇ ಫೋನು ಮಾಡುವುದಕ್ಕೆ ಶುರು ಮಾಡಿದರು: "ಮೇಡಂ, ಇವತ್ತು ನಮ್ಮೋನು ಏನೂ ಒಳ್ಳೇದು ಮಾಡ್ಲಿಲ್ವಾ?"

ಹೀಗೆ ಎಲ್ಲರ ಬಾಯಿ ಬಿಡಿಸಿದ ಚಿಕ್ಕಮ್ಮ ಸೋತದ್ದು ಒಬ್ಬಳೇ ಹುಡುಗಿಯ ಮುಂದೆ. ಅವಳು ಶ್ರಾವಣಿ. ಮನೆಯವರು ಪಾವಗಡದ ಕ್ಯಾತಗಾನಚೆರ್ಲು ಕಡೆಯವರು. ಜಮೀನನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟು, ಅಪ್ಪ ಗೂಡ್ಸ್ ಗಾಡಿ ತೆಗೆದುಕೊಂಡು ಹೆಂಡತಿ ಮಗಳೊಂದಿಗೆ ಈ ಊರಿಗೆ ಬಂದಿದ್ದ. ಮನೆಯ ಮಾತು ತೆಲುಗು. ಹುಡುಗಿಗೆ ಕನ್ನಡ ಅರ್ಥವಾಗುತ್ತಿತ್ತೋ ಇಲ್ಲವೋ, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಹಾಜರಿಯಲ್ಲಿ ಅವಳ ಹೆಸರು ಬಂದಾಗ ಚಿಕ್ಕಮ್ಮ ತನಗೆ ಬರುವ ಮುಕ್ಕಾಲುಪಾಲು ತೆಲುಗನ್ನು ಖರ್ಚು ಮಾಡಿ, "ಏಮಿ ತಿಂಟಿವಮ್ಮಾ?" ಎಂದು ಕೇಳುತ್ತಿದ್ದಳು. ಹುಡುಗಿ ತಲೆ ತಗ್ಗಿಸುತ್ತಿದ್ದಳು. ಉಳಿದ ಮಕ್ಕಳೆಲ್ಲ ಒಬ್ಬರಿಗೊಬ್ಬರು 'ಏಮಿ ತಿಂಟಿವಿ' ಎಂದು ಕೇಳಿಕೊಂಡು ತಿರುಗಿದರು. ಇಡೀ ತರಗತಿ ತೆಲುಗು ಕಲಿಯಿತು, ತೆಲುಗಿನ ಹುಡುಗಿ ಮಾತ್ರ ಮೌನ!

ಒಂದು ದಿನ ಬಿಸಿಯೂಟ ಮುಗಿದು ಮಕ್ಕಳು ಒಳಗೆ ಬಂದು ಕೂತರು. ಶ್ರಾವಣಿ ಇರಲಿಲ್ಲ.

ಅವಳ ಚಪ್ಪಲಿ ಗೋಡೆಯ ಪಕ್ಕದಲ್ಲಿ ಜೋಡಿಯಾಗಿ ಇತ್ತು. ಬ್ಯಾಗೂ ಇತ್ತು. ನಾನು ಶೌಚಾಲಯ ನೋಡಿದೆ, ಅಡುಗೆ ಕೋಣೆ ನೋಡಿದೆ, ನೀರಿನ ತೊಟ್ಟಿಯ ಮುಚ್ಚಳ ಎತ್ತಿ ನೋಡಿದೆ. ಶಾಲೆಯ ಆಚೆ ರಸ್ತೆ, ರಸ್ತೆಯ ಆಚೆ ಕೆರೆ. ಆ ವರ್ಷ ಕೆರೆಯಲ್ಲಿ ನೀರಿತ್ತು.

ಹೆಡ್‌ಮಾಸ್ಟರು ಕರವಸ್ತ್ರದಿಂದ ಕತ್ತು ಒರೆಸಿಕೊಂಡು, "ಈಗ್ಲೇ ಮನೆಯವ್ರಿಗೆ ಹೇಳ್ಬೇಡಿ. ಗಲಾಟೆ ಆಗ್ತದೆ. ಮೊದ್ಲು ನಾವು ಹುಡುಕೋಣ" ಎಂದರು. ನನಗೂ ಅದೇ ಸರಿ ಅನ್ನಿಸಿತು.

"ಮಗು ಆ ತಾಯಿದು ಸಾರ್. ನಮ್ಗಿಂತ ಮುಂಚೆ ಗೊತ್ತಾಗ್ಬೇಕಾದ್ದು ಅವ್ಳಿಗೆ" ಎಂದು ಚಿಕ್ಕಮ್ಮ ಆಗಲೇ ಫೋನು ಕಿವಿಗೆ ಹಿಡಿದಿದ್ದಳು. "ಅಮ್ಮಾ, ಪಾಪ ಕನಪಡಲೇದು. ಊಟ ಆದ್ಮೇಲೆ ಮಗು ಕಾಣಿಸ್ತಿಲ್ಲ. ಕಣ್ತಪ್ಪಿದ್ದು ನಂದೇ. ಬೇಗ ಬಾರಮ್ಮ." ಆಮೇಲೆ ಅದನ್ನೇ ಗ್ರೂಪಿಗೂ ಹೇಳಿದಳು: ಹುಡುಗಿಯ ಹೆಸರು, ಕೆಂಪು ರಿಬ್ಬನ್ನು, ಬರಿಗಾಲು.

ಇಷ್ಟು ದಿನ ಆ ಗ್ರೂಪನ್ನು ನಗುವುದಕ್ಕೆಂದೇ ಕೇಳುತ್ತಿದ್ದ ಊರು ಅಂದು ಎದ್ದು ಬಂತು. ಹನುಮಂತರಾಯಪ್ಪ ಟ್ರ್ಯಾಕ್ಟರನ್ನು ಹೊಲದಲ್ಲೇ ನಿಲ್ಲಿಸಿ ಕೆರೆ ಏರಿಯ ಮೇಲೆ ಓಡಿದರು. ಇಮ್ತಿಯಾಜ್ ಭಾಯ್ ಬೈಕಿನಲ್ಲಿ ಐ.ಡಿ.ಹಳ್ಳಿ ರಸ್ತೆ ಹಿಡಿದರು. ತಟ್ಟೆ ಎಸೆದ ಹೆಂಗಸು ಮನೆಮನೆಯ ಹಿತ್ತಲಿಗೆ ನುಗ್ಗಿ ಕೂಗುತ್ತಿದ್ದಳು. ಚಿಕ್ಕಮ್ಮ ಮಾತ್ರ ಗೇಟಿನಲ್ಲಿ ನಿಂತಿದ್ದಳು, ಆ ತಾಯಿಯ ದಾರಿ ನೋಡುತ್ತಾ.

ತಾಯಿ ಬಂದಳು. ಕೂದಲು ಬಿಚ್ಚಿಹೋಗಿತ್ತು. ಯಾರನ್ನೂ ಏನೂ ಕೇಳದೆ ಶಾಲೆಯ ಅಂಗಳದ ನಡುವೆ ನಿಂತು ಎದೆ ಸೀಳುವಂತೆ ಕೂಗಿದಳು: "ಶ್ರಾವಣೀ!"

ಉತ್ತರ ಬಂದದ್ದು ನಮ್ಮ ಕಾಂಪೌಂಡಿನೊಳಗೇ ಇರುವ ಅಂಗನವಾಡಿಯಿಂದ.

"ಅಮ್ಮಾ! ಈಡ ಉಂಡಾ!" ಇಲ್ಲೇ ಇದ್ದೀನಿ ಎಂದು.

ನಾವೆಲ್ಲ ಒಟ್ಟಿಗೆ ಬಾಗಿಲಿಗೆ ಮುತ್ತಿಕೊಂಡೆವು. ಒಳಗೆ ಸಾಲಾಗಿ ಮಲಗಿದ್ದ ಪುಟ್ಟ ಮಕ್ಕಳ ನಡುವೆ, ಹಳೆಯ ಸೀರೆಯನ್ನು ಕುತ್ತಿಗೆಯವರೆಗೆ ಹೊದ್ದು, ಕಣ್ಣುಜ್ಜಿಕೊಳ್ಳುತ್ತಾ ಶ್ರಾವಣಿ ಎದ್ದು ಕೂತಿದ್ದಳು! ನಾನು ಅದೇ ಬಾಗಿಲಲ್ಲಿ ಇಣುಕಿ ನೋಡಿಯೇ ಹೋಗಿದ್ದೆ. ಮಲಗಿರುವುದೆಲ್ಲ ಅಂಗನವಾಡಿ ಮಕ್ಕಳೇ ಎಂದುಕೊಂಡಿದ್ದೆ. ಅಲ್ಲಿನ ಆಯಾ ಕೂಡ ಪಾವಗಡದ ಕಡೆಯವಳು. ಮಕ್ಕಳನ್ನು ತೆಲುಗಿನಲ್ಲಿ ಜೋಗುಳ ಹಾಡಿ ಮಲಗಿಸುತ್ತಾಳೆ. ಕಿಟಕಿಯಲ್ಲಿ ಆ ಮಾತು ಕಿವಿಗೆ ಬಿದ್ದು ಹುಡುಗಿ ಒಳಗೆ ಹೋಗಿ ಸಾಲಿನ ಕೊನೆಯಲ್ಲಿ ಮಲಗಿಬಿಟ್ಟಿದ್ದಾಳೆ.

"ಅಯ್ಯೋ, ಅಷ್ಟು ಮಕ್ಳಲ್ಲಿ ಇದೂ ಒಂದು ಅಂದ್ಕೊಂಡು ನಾನೇ ಹೊದಿಸ್ಬುಟ್ಟೆ ಕಣಮ್ಮ" ಎಂದು ಆಯಾ ಹಣೆ ಚಚ್ಚಿಕೊಂಡಳು.

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಹೆಡ್‌ಮಾಸ್ಟರು ಗೋಡೆಗೆ ಒರಗಿಕೊಂಡೇ ನಕ್ಕರು. ಏರಿಯಿಂದ ಓಡಿ ಬಂದ ಹನುಮಂತರಾಯಪ್ಪ ಏದುಸಿರು ಬಿಡುತ್ತಾ ಮೀಸೆಯಡಿ ನಕ್ಕು ಕಣ್ಣು ಒರೆಸಿಕೊಂಡರು. ಆ ತಾಯಿ ಮಾತ್ರ ನಗಲಿಲ್ಲ. ಮಗಳನ್ನು ಎತ್ತಿಕೊಂಡು, ಚಪ್ಪಲಿ ಬ್ಯಾಗು ತೆಗೆದುಕೊಂಡು ಹೊರಟುಹೋದಳು.

ಅಂದು ಸಂಜೆ ಬಸ್ಸಿನಲ್ಲಿ ಚಿಕ್ಕಮ್ಮ ಫೋನು ಮುಟ್ಟಲಿಲ್ಲ. ಮಧುಗಿರಿ ಬೆಟ್ಟ ಕಾಣಿಸಿತು. ಆಮೇಲೆ ನಿಧಾನವಾಗಿ, "ನಾಳೆ ಕಳಿಸ್ತಾಳೇನೇ?" ಎಂದು ನನ್ನನ್ನು ಕೇಳಿದಳು. ನನಗೇನು ಗೊತ್ತು? ಆದರೂ "ಕಳಿಸ್ತಾರೆ ಬುಡು ಚಿಕ್ಕಮ್ಮ" ಎಂದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

ಬೆಳಿಗ್ಗೆ ಪ್ರಾರ್ಥನೆ ಮುಗಿಯಿತು. ಮಕ್ಕಳು ಒಳಗೆ ಹೋದರು. ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದಳು. ನಾನು ಪಕ್ಕದ ಕೋಣೆಯಿಂದ ನೋಡುತ್ತಲೇ ಇದ್ದೆ. ಕಡೆಗೆ ಗೇಟು ಕಿರುಗುಟ್ಟಿತು. ಶ್ರಾವಣಿಯ ಕೈ ಹಿಡಿದು ಅವಳ ತಾಯಿ ಬಂದಳು. ಹುಡುಗಿಯ ತಲೆಗೆ ಎಣ್ಣೆ ಹಚ್ಚಿ ಬಾಚಿ, ಎರಡು ಜಡೆ ಹಾಕಿತ್ತು.

"ನಿನ್ನೆ ನಿಮ್ಮ ಫೋನು ಬಂದಾಗ ನನ್ ಪ್ರಾಣ ಹೋಯ್ತು ಮೇಡಂ" ಎಂದಳು ತೆಲುಗು ಬೆರೆತ ಕನ್ನಡದಲ್ಲಿ. "ರಾತ್ರಿ ನಮ್ಮೋರು ಅಂದ್ರು, ಈ ಇಸ್ಕೂಲ್ ಬೇಡ, ವಾಪಸ್ ಊರಿಗೇ ಕಳಿಸೋಣ ಅಂತ. ನಾ ಬೇಡ ಅಂದೆ. ಆ ಮೇಡಂ ಬಚ್ಚಿಡ್ಲೇದು, ಮೊದಲು ನಂಗೇ ಹೇಳಿದ್ರು ಅಂದೆ."

ಯಾರಾದರೂ ಒಂದು ಮಾತು ಅಂದರೆ ಹತ್ತು ಆಡುವ ಚಿಕ್ಕಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನೋಡನೋಡುತ್ತಿದ್ದ ಹಾಗೆ, ಅಷ್ಟೂ ಮಕ್ಕಳ ಎದುರಿಗೆ, ನಮ್ಮ ಚಿಕ್ಕಮ್ಮ ಗೊಳೋ ಎಂದು ಅತ್ತುಬಿಟ್ಟಳು. ಆ ತಾಯಿ, ವಯಸ್ಸಿನಲ್ಲಿ ಅವಳ ಮಗಳಂತಿದ್ದವಳು, ಹತ್ತಿರ ಬಂದು ಬೆನ್ನು ತಟ್ಟುತ್ತಾ, "ಊರ್ಕೋ ಮೇಡಂ, ಊರ್ಕೋ" ಎಂದು ಕೂಸನ್ನು ಸಮಾಧಾನ ಮಾಡುವ ಹಾಗೆ ಮಾಡಿದಳು.

ಶ್ರಾವಣಿ ಇಬ್ಬರನ್ನೂ ಒಂದು ಗಳಿಗೆ ನೋಡಿದಳು. ಆಮೇಲೆ ಅಮ್ಮನ ಕೈ ಬಿಟ್ಟಳು. ಚಿಕ್ಕಮ್ಮನ ಸೆರಗಿನ ತುದಿ ಹಿಡಿದು, ಮೆಲ್ಲಗೆ ಎಳೆಯುತ್ತಾ ಒಳಕ್ಕೆ ಕರೆದುಕೊಂಡು ಹೋಗಿ, ತನ್ನ ಪಕ್ಕದಲ್ಲಿ ಚಾಪೆಯ ಮೇಲೆ ಕೂರಿಸಿಕೊಂಡಳು.