ಲಾರಿಗೊಂದು ಹಡಗಿನ ಹೆಸರು

ಲೋಕದಲ್ಲಿ ಎರಡು ಬಗೆಯ ಹೆಂಗಸರಿದ್ದಾರೆ. ಬೇಕಾದ್ದನ್ನು ಬಾಯಿಬಿಟ್ಟು ಕೇಳುವವರು ಒಂದು ಬಗೆ. ಕೇಳದೆಯೇ ಎದುರಿನವರಿಗೆ ಹೊಳೆಯಲಿ ಎಂದು ಕಾಯುವವರು ಇನ್ನೊಂದು ಬಗೆ. ಮೊದಲನೆಯವರಿಗೆ ಸೀರೆ ಸಿಗುತ್ತದೆ, ಎರಡನೆಯವರಿಗೆ ಸಿಟ್ಟು ಬರುತ್ತದೆ. ನಾನು ಎರಡನೆಯ ಬಗೆಯವಳು. ಹೊಳೆಯದಿದ್ದರೆ ನನಗೆ ಸಿಟ್ಟು, ಯಾಕೆ ಸಿಟ್ಟು ಎಂದು ಕೇಳಿದರೆ ಇನ್ನಷ್ಟು ಸಿಟ್ಟು, ಕೇಳದೆ ಸುಮ್ಮನಿದ್ದರಂತೂ ಮನೆಯ ಪಾತ್ರೆಗಳಿಗೆ ಕೇಡುಗಾಲ. ಇಂಥವಳಿಗೆ ದೇವರು ಗಂಟು ಹಾಕಿದ ಗಂಡನ ಹೆಸರು ತಿಪ್ಪಣ್ಣ. ಬಸವಕಲ್ಯಾಣದ ಲಾರಿ ಮಾಲೀಕರು. ತಮ್ಮ ಲಾರಿಯನ್ನು ತಾವೇ ಓಡಿಸುವವರು. ಎಂಜಿನ್ನಿನ ಸದ್ದು ಒಂದಿಷ್ಟು ಬದಲಾದರೂ ಎಲ್ಲಿ ಏನು ಸವೆದಿದೆ ಎಂದು ಹೇಳಬಲ್ಲರು. ಹೆಂಡತಿ ಸಾರಿನ ಸೌಟನ್ನು ನೆಲಕ್ಕೆ ಬಿಸುಟರೆ ಮಾತ್ರ, "ಕೈ ಜಾರ್ತೇನು?" ಎಂದು ಕೇಳುತ್ತಾರೆ.

ನಮ್ಮೂರಲ್ಲಿ ಲಾರಿ ಇಲ್ಲದ ಓಣಿ ಹುಡುಕುವುದು ಕಷ್ಟ. ಹಬ್ಬ ಹುಣ್ಣಿಮೆಗೆ ಎಲ್ಲವೂ ಮನೆಗೆ ಬಂದು ನಿಂತವೆಂದರೆ ಹಾಲು ತರಲು ಹೋಗುವವರು ಒಂದರ ಹಿಂದೊಂದು ಬಂಪರು ಸವರಿಕೊಂಡು ದಾಟಬೇಕು. ಹೊಸ ಲಾರಿ ಬಂತೆಂದರೆ ಅದರ ಹಣೆಯ ಮೇಲೆ, ಗಾಜಿನ ಮೇಲ್ಗಡೆ, ಮನೆಯವರೊಬ್ಬರ ಹೆಸರು ಬರೆಸುವುದು ಇಲ್ಲಿನ ವಾಡಿಕೆ. ಹಾಗೆ ನಮ್ಮ ಮೊದಲ ಲಾರಿಯ ಮೇಲೆ ಅತ್ತೆ ಸಿದ್ದಮ್ಮನವರ ಹೆಸರಿತ್ತು. ಎರಡನೆಯದು ಬಂದಾಗ ಮಗಳು ಪಲ್ಲವಿಯ ಹೆಸರು ಏರಿತು. ಈಗ ಮೂರನೆಯದು ಬಂತು. ಮನೆಯಲ್ಲಿ ಹೆಸರು ಬರೆಸಿಕೊಳ್ಳದೆ ಉಳಿದ ಹೆಣ್ಣು ಯಾರು? ಎಮ್ಮೆಯೊಂದನ್ನು ಬಿಟ್ಟರೆ ನಾನೇ. ಹುಮನಾಬಾದಿನ ಹೈಸ್ಕೂಲೊಂದರಲ್ಲಿ ಇತಿಹಾಸ ಹೇಳಿಕೊಡಲು ದಿನಾ ಬಸ್ಸಿನಲ್ಲಿ ಹೋಗಿಬರುವವಳು ನಾನು. ಒಂದು ದಿನ ಹೆದ್ದಾರಿಯಲ್ಲಿ ಎದುರಿನಿಂದ ಬರುವ ಲಾರಿಯ ಹಣೆಯ ಮೇಲೆ ನನ್ನ ಹೆಸರು ಕಾಣಬೇಕು, ಪಕ್ಕದ ಸೀಟಿನವರು ಅದನ್ನು ಓದಬೇಕು, ನಾನು ನೋಡಿಯೂ ನೋಡದವಳಂತೆ ಕಿಟಕಿಯಾಚೆ ಮುಖ ತಿರುಗಿಸಬೇಕು. ನನಗಿದ್ದ ಆಸೆ ಇಷ್ಟೇ. ಬಂಗಾರ ಕೇಳಿದವಳಲ್ಲ, ಬಳೆ ಕೇಳಿದವಳಲ್ಲ. ನಿಜ ಹೇಳಬೇಕೆಂದರೆ, ಇದನ್ನೂ ಕೇಳಿರಲಿಲ್ಲ.

ಒಂದು ಸಂಜೆ ಜೋಳದ ರೊಟ್ಟಿ ಮುರಿಯುತ್ತ ನಮ್ಮ ಮನೆಯವರೇ ಮಾತು ತೆಗೆದರು. "ಹೊಸ ಗಾಡಿಗಿ ಏನ್ ಹೆಸರಿಡೂಣು? ನೀ ಓದಿದಾಕಿ, ಒಂದ್ ಛಲೋ ಹೆಸರು ಹೇಳು." ನನ್ನ ಸಿಟ್ಟು ಹುಟ್ಟಿದ ಗಳಿಗೆ ಅದು. ಹೆಸರನ್ನು ಎದುರಿಗೆ ಕೂರಿಸಿಕೊಂಡು, ಅದರ ಕೈಯಿಂದಲೇ ಬಿಸಿ ರೊಟ್ಟಿ ಹಾಕಿಸಿಕೊಳ್ಳುತ್ತ, ಹೆಸರು ಹೇಳು ಎನ್ನುವ ಗಂಡಸಿಗೆ ಏನನ್ನಬೇಕು? ಆದರೂ ಹಲ್ಲು ಕಚ್ಚಿ ಒಂದು ಉಪಾಯ ಹೂಡಿದೆ. ಹಿಂದಿನ ಕಾಲದವರು ಹಡಗುಗಳಿಗೆ ಎಂತೆಂಥ ಹೆಸರಿಡುತ್ತಿದ್ದರು ಎಂದು ಪಾಠ ಶುರುಮಾಡಿದೆ. ಕಡಲಿಗೆ ಹಡಗು ಹೇಗೋ ನಮ್ಮೂರಿಗೆ ಲಾರಿ ಹಾಗೆ. ಆ ದೊಡ್ಡವರೆಲ್ಲ ಹೆಣ್ಣುಮಕ್ಕಳ ಹೆಸರಿಟ್ಟದ್ದನ್ನು ಕೇಳಿದರೆ ಇವರಿಗೂ ಬುದ್ಧಿ ಬಂದೀತು ಎಂಬುದು ನನ್ನ ಲೆಕ್ಕಾಚಾರ. ಕೊಲಂಬಸ್ ಏರಿ ಹೋದ ಹಡಗು ಸಾಂತಾ ಮರಿಯಾ, ಅಂದರೆ ಮೇರಿ ತಾಯಿಯ ಹೆಸರು ಎಂದೆ. ಇಂಗ್ಲೆಂಡಿನವರು ತಮ್ಮ ದೊಡ್ಡ ಹಡಗಿಗೆ ರಾಣಿಯ ಹೆಸರನ್ನೇ ಇಟ್ಟು ಕ್ವೀನ್ ಮೇರಿ ಎಂದು ಕರೆದರು ಎಂದೆ.

"ಆಕಿ ಯಾರ ಸೊಸಿ?" ಎಂದರು ಅತ್ತೆ. ಯಾವ ಹೆಣ್ಣಿನ ಹೆಸರು ಬಂದರೂ ಅವರು ಮೊದಲು ಕೇಳುವುದು ಅದನ್ನೇ. ರಾಜಮನೆತನದ ಸೊಸೆ ಎಂದು ಹೇಳಿ ಮುಂದುವರಿದೆ. ವಿಕ್ಟರಿ ಎಂದರೆ, "ಇಲೆಕ್ಷನ್‌ಗಿ ನಿಂತಂಗ ಆಗ್ತದ" ಎಂದು ಇವರು ಕೈಯಾಡಿಸಿದರು. ವಿಕ್ರಾಂತ್ ಎಂದರೆ, "ಅದು ಮಿಲ್ಟ್ರೀದು, ಚೆಕ್‌ಪೋಸ್ಟಿನಾಗ ನಿಲ್ಲಿಸಿ ಕೇಳ್ತಾರ" ಎಂದರು. ಮೇಫ್ಲವರ್ ಎಂದರೆ ಬಿಸಿಲಿನ ತಿಂಗಳ ಹೆಸರು ಗಾಡಿಗೆ ಬೇಡ, ಟೈರು ಸಿಡಿಯುತ್ತದಂತೆ! ಕೊನೆಗೆ ನಾಚಿಕೆ ಬಿಟ್ಟು, "ಎಷ್ಟೋ ಮೀನುಗಾರರು ತಮ್ಮ ದೋಣಿಗಿ ಹೆಂಡ್ತಿ ಹೆಸರು ಇಡ್ತಾರ್ರಿ" ಎಂದೆ. ಇದಕ್ಕಿಂತ ಬಿಡಿಸಿ ಹೇಳಲು ಕರಿಹಲಗೆ, ಸೀಮೆಸುಣ್ಣವೇ ಬೇಕಿತ್ತು. ಇವರು ಪುಂಡಿಪಲ್ಯೆ ಬಳಿದುಕೊಳ್ಳುತ್ತ, "ಅವ್ರ ದೋಣಿ, ಅವ್ರ ಖುಷಿ" ಎಂದುಬಿಟ್ಟರು.

ನನ್ನ ತಲೆ ಕಾದ ಹಂಚಾಯಿತು. ಅಷ್ಟರಲ್ಲಿ ಇವರು, "ಅದೆಲ್ಲಾ ಬಿಡು. ಕೊಡಂಬಲದ ಹೊಲದಾಗ ಕಳೆ ತೆಗ್ಯೋರನ್ನ ಕೇಳಿದ್ರೂ ಗೊತ್ತಿರಬೇಕು, ಅಂಥಾ ಹೆಸರಿನ ಹಡಗ ಯಾವ್ದು?" ಎಂದರು. "ಟೈಟಾನಿಕ್!" ಎಂದು ಚೀರಿದೆ. ಅದು ಸಲಹೆಯಲ್ಲ, ಬೈಗುಳ. ಇವರ ಮುಖ ಅರಳಿತು. "ಹಾಂ, ಅದೇ ಇರ್ಲಿ."

ಆಗ ನಾನು ಆಡದ ಮಾತಿಲ್ಲ. ಅದು ಮೊದಲ ಪಯಣದಲ್ಲೇ ಹಿಮಗಡ್ಡೆಗೆ ಬಡಿದು ಮುಳುಗಿದ ಹಡಗು, ಅದರೊಂದಿಗೆ ಎಷ್ಟೋ ಸಂಸಾರಗಳು ಮುಳುಗಿದವು, ಅಂಥ ಹೆಸರನ್ನು ಬುದ್ಧಿ ಇದ್ದವರು ಆಟಿಕೆಗೂ ಇಡುವುದಿಲ್ಲ ಎಂದೆ. "ಎಂಟ ದಿನಕ್ಕೊಮ್ಮಿ ನಳಾ ಬರೋ ಊರಾಗ ಎಲ್ಲಿ ಮುಳುಗ್ತದ?" ಎಂದರು ಇವರು. ನಗು ಬಂತು. ಸಿಟ್ಟಿನಲ್ಲಿರುವಾಗ ನಗು ಬರಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆ ನಗುವನ್ನು ನುಂಗಿ ಇನ್ನೂ ಎರಡು ಮಾತು ಹೆಚ್ಚಿಗೆ ಅಂದೆ.

ಆಗ ಅತ್ತೆ ನಡುವೆ ಬಂದರು. ಅವರಿಗೆ ಮೊದಲು ಹುಟ್ಟಿದ ಎರಡು ಗಂಡು ಕೂಸುಗಳು ಉಳಿಯಲಿಲ್ಲ. ಎರಡಕ್ಕೂ ಚೆಂದದ ಹೆಸರಿಟ್ಟಿದ್ದರಂತೆ. ಮೂರನೆಯದು ಹುಟ್ಟಿದಾಗ ಹಿರಿಯರು ಹೇಳಿದಂತೆ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಂದು ತಿಪ್ಪಣ್ಣ ಎಂದು ಕರೆದರು. ತಿಪ್ಪೆಯ ಕಸ ಯಾರಿಗೆ ಬೇಕು? ಸಾವು ಮೂಗು ಮುಚ್ಚಿಕೊಂಡು ಮುಂದಿನ ಮನೆಗೆ ಹೋಯಿತು. "ಛಂದ ಹೆಸರಿಗಿ ನಜರ್ ತಗಲ್ತದವ್ವಾ. ಪಲ್ಲವಿ ಅಂತ ಬರ್ಸಿದ ಗಾಡಿ ನೋಡು, ಒಂದು ಕಡಿ ಸರಿಮಾಡಿದ್ರ ಇನ್ನೊಂದು ಕಡಿ ಕೆಟ್ಟು ಕೂಡ್ತದ. ಮುಳುಗಿದ ಹೆಸರಿಟ್ರ ಮತ್ತ ಯಾರು ಮುಳುಗಸ್ತಾರ?" ಎಂದರು. ಬೇಮಳಖೇಡದಿಂದ ಬಂದಿದ್ದ ಅವರ ತಂಗಿಯೂ ಹೌದೌದೆಂದು ತಲೆಯಾಡಿಸಿದರು. ಹೀಗೆ ಆ ಕಾಲದ ಅತಿ ದೊಡ್ಡ ಹಡಗು ನಮ್ಮ ಮನೆಯ ಪಡಸಾಲೆಯಲ್ಲಿ ಲಾರಿಗಳ ತಿಪ್ಪಣ್ಣನಾಯಿತು. ನಾನು ಓದಿದ ಎಂಎ ಆ ತಿಪ್ಪೆಯ ಮುಂದೆ ಬಾಯಿ ಮುಚ್ಚಿಕೊಂಡು ನಿಂತಿತು.

ಮರುದಿನದಿಂದ ನನ್ನ ಮುಷ್ಕರ. ಮಾತಿಲ್ಲ, ಕತೆಯಿಲ್ಲ, ಚಹಾ ಲೋಟವನ್ನು ಕುಕ್ಕಿ ಇಡುವುದು, ಬಾಗಿಲನ್ನು ಬಡಿದು ಮುಚ್ಚುವುದು. ಇವರು ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟರು! ಅದನ್ನು ಕಂಡು ನನ್ನ ಕಟ್ಟೆ ಒಡೆಯಿತು. "ಅವ್ವನ ಹೆಸರು ಹೊಳೀತದ, ಮಗಳ ಹೆಸರು ಹೊಳೀತದ, ಸಮುದ್ರದ ತಳದಾಗ ಬಿದ್ದ ಕಬ್ಬಿಣದ ಹೆಸರೂ ಹೊಳೀತದ. ನನ್ನ ಹೆಸರು ಯಾಕ ಹೊಳೀಲಿಲ್ರಿ ನಿಮಗ?" ಎಂದು ಕಿರುಚಿದೆ. ಇವರು ಎಣ್ಣೆಗಿಂಡಿ ಹಿಡಿದೇ ಕಣ್ಣು ಬಿಟ್ಟರು. "ನಿನಗ ಬೇಕಿತ್ತೇನು? ಲಾರಿ ಮ್ಯಾಲ ಹೆಸರು ಬರಸಿದ್ರ ಸಾಲ್ಯಾಗ ನಾಚಕಿ ಆಗ್ತದೋ ಏನೋ, ಓದಿದಾಕಿ ಅಂತ ಸುಮ್ನಿದ್ದೆ. ಮೊದಲೇ ಹೇಳೋದಿಲ್ಲೇನು? ನಡಿ, ನಾಳೆ ಐತವಾರ, ಸಾಲಿ ಇಲ್ಲ. ನೀನೇ ನಿಂತು ಬರಸು." ಅಷ್ಟೇ. ಇಷ್ಟು ದಿನ ಕಷ್ಟಪಟ್ಟು ಕಾಪಾಡಿಕೊಂಡು ಬಂದ ಸಿಟ್ಟನ್ನು ಎರಡು ಮಾತಿನಲ್ಲಿ ಹಾಳುಮಾಡಿಬಿಟ್ಟರು.

ಹೆದ್ದಾರಿಯ ಮಗ್ಗುಲಿಗೆ, ಸಸ್ತಾಪುರ ಬಂಗ್ಲಾದ ಹತ್ತಿರ, ಪೇಂಟರ್ ಮೋಯಿನ್ ಭಾಯಿಯ ಅಂಗಳ. ನಮ್ಮ ಲಾರಿ ಮೈಯೆಲ್ಲ ಕೇಸರಿ, ನೀಲಿ ಬಳಿದುಕೊಂಡು ಹಣೆ ಖಾಲಿ ಇಟ್ಟುಕೊಂಡು ನಿಂತಿತ್ತು. ಒಳ್ಳೆಯ ಸೀರೆ ಉಟ್ಟುಕೊಂಡು ಹೋಗಿದ್ದೆ. ಅದರ ಪಕ್ಕದಲ್ಲಿ ಇನ್ನೊಂದು ಹಳೆಯ ಲಾರಿ ನಿಂತಿತ್ತು, ಒಬ್ಬ ಕೆಲಸಗಾರ ಏಣಿ ಹತ್ತಿ ಅದರ ಹಣೆಯನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದ. ಕಣ್ಣೆತ್ತಿ ನೋಡಿದರೆ ನಮ್ಮದೇ ಮೊದಲ ಲಾರಿ! ಹೋದ ವರ್ಷ ಜಹೀರಾಬಾದಿನವರಿಗೆ ಮಾರಿದ್ದೆವು. ಸಿದ್ದಮ್ಮ ಎಂಬುದರಲ್ಲಿ ಮೊದಲ ಅಕ್ಷರ ಆಗಲೇ ಹೋಗಿತ್ತು, ಉಳಿದದ್ದು ಪುಡಿಪುಡಿಯಾಗಿ ಉದುರುತ್ತಿತ್ತು.

"ಹೊಸ ಮಾಲಕ್ರು ತಮ್ಮ ಮಗಳ ಹೆಸರು ಹಾಕ್ರಿ ಅಂದಾರ್ರಿ ಟೀಚರ್" ಎಂದರು ಮೋಯಿನ್ ಭಾಯಿ. ಆ ಲಾರಿ ಮಾರಿದ ದಿನ ಅತ್ತೆ ಅದರ ಗಾಲಿಗೆ ನೀರು ಹಾಕಿ, ಹಣೆಗೆ ಕುಂಕುಮ ಹಚ್ಚಿ ಕಳಿಸಿ, ಇಡೀ ದಿನ ಊಟ ಮಾಡಿರಲಿಲ್ಲ. ನಮ್ಮ ಮನೆಯವರು ಅತ್ತ ಬೆನ್ನು ತಿರುಗಿಸಿ ಹೊಸ ಲಾರಿಯ ಟೈರನ್ನು ಒದ್ದು ನೋಡುತ್ತ ನಿಂತರು. ಆ ಟೈರಿನಲ್ಲಿ ನೋಡುವಂಥದ್ದೇನೂ ಇರಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಸಾವಕಾಶ ಉಜ್ಜಪ್ಪಾ, ಅದು ಮನಷ್ಯಾರ ಹೆಸರು!" ಎಂದು ಏಣಿಯ ಮೇಲಿದ್ದವನಿಗೆ ಗದರಿಸಿದೆ. "ಸಾವಕಾಶ ಉಜ್ಜಿದ್ರ ಹೋಗಂಗಿಲ್ರಿ ಮೇಡಂ" ಎಂದ ಅವನು. ಅವನ ತಪ್ಪೇನು?

ಮೋಯಿನ್ ಭಾಯಿ ಕುಂಚ ಅದ್ದಿಕೊಂಡು, "ಬೋಲ್ರಿ ಟೀಚರ್, ಏನ್ ಬರೀಲಿ?" ಎಂದರು. ನಾನು ಉದುರುತ್ತಿದ್ದ ಅತ್ತೆಯ ಹೆಸರನ್ನೇ ನೋಡುತ್ತಿದ್ದೆ. ಆಗ ಇವರು ಟೈರಿನಿಂದ ಕಣ್ಣು ತೆಗೆಯದೆಯೇ, "ಜಗದೇವಿ ಅಂತ ಬರೀರಿ, ಭಾಯಿ" ಎಂದರು. ನಮ್ಮ ಕಡೆ ಗಂಡಂದಿರು ಹೆಂಡತಿಯ ಹೆಸರು ಹಿಡಿದು ಕರೆಯುವುದು ಕಡಿಮೆ. ಮದುವೆಯಾದಂದಿನಿಂದ ನಾನು "ಏ ಇಕಾ", ಆಮೇಲೆ "ಪಲ್ಲವಿ ಅವ್ವ", ಊರ ಮುಂದೆ "ನಮ್ ಟೀಚರ್". ಈ ಬಾಯಲ್ಲಿ ನನ್ನ ಹೆಸರು ನಾನು ಕೇಳಿದ್ದು ಅದೇ ಮೊದಲು. ಮತ್ತೆ ಆ ಉಪ್ಪುಕಾಗದದ ಸದ್ದು ಕೇಳಿಸಿತು. "ಬ್ಯಾಡ. ಟೈಟಾನಿಕ್ ಅಂತ ಬರೀರಿ. ದೊಡ್ಡ ಅಕ್ಷರದಾಗ" ಎಂದೆ. ಮೋಯಿನ್ ಭಾಯಿ ಗಂಡ ಹೆಂಡಿರನ್ನು ಒಬ್ಬರಾದ ಮೇಲೊಬ್ಬರನ್ನು ನೋಡಿದರು. ಇವರು ಯಾಕೆ ಎಂದು ಕೇಳಲಿಲ್ಲ. ಆ ಒಂದು ದಿನ ಮಾತ್ರ, ಕೇಳದಿದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ.

ಮೊನ್ನೆ ಶಾಲೆ ಬಿಟ್ಟ ಮೇಲೆ ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಎದುರು ನಿಂತಿದ್ದೆ. ಜೊತೆಗೆ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು, ಸುತ್ತ ನಮ್ಮದೇ ವಿದ್ಯಾರ್ಥಿನಿಯರು. ಘಾಟಬೋರಾಳದ ತೊಗರಿ ಇಳಿಸಿ ಖಾಲಿ ಬರುತ್ತಿದ್ದ ಲಾರಿಯೊಂದನ್ನು ತೋರಿಸಿ ಮೇಷ್ಟ್ರು ಹೊಟ್ಟೆ ಹಿಡಿದು ನಕ್ಕರು. "ಮೇಡಂ, ನೋಡ್ರಿ ಅಲ್ಲಿ, ಟೈಟಾನಿಕ್ ಅಂತ! ಯಾವ ಅಡ್ನಾಡಿ ಇಟ್ಟಾನ್ರಿ ಈ ಹೆಸರು?" ನನ್ನ ಕಿವಿ ಬಿಸಿಯಾದವು. ಬಾಯಿ ತೆರೆಯುವಷ್ಟರಲ್ಲಿ ಲಾರಿ ನಮ್ಮ ಮುಂದೆಯೇ ನಿಂತಿತು. ಕಿಟಕಿಯಿಂದ ಅರ್ಧ ಮೈ ಹೊರಚಾಚಿ, ಎಂಜಿನ್ನಿನ ಸದ್ದನ್ನೂ ಮೀರಿಸಿ ನಮ್ಮ ಮನೆಯವರು ಕೂಗಿದರು: "ಏ ಜಗದೇವೀ! ಬರ್ತೀ ಏನು, ಖಾಲಿ ಅದ!" ಹುಡುಗಿಯರು ಬಾಯಿಗೆ ದಾವಣಿ ಅಡ್ಡ ಹಿಡಿದರು. ಮೇಷ್ಟ್ರು ನನ್ನನ್ನೊಮ್ಮೆ, ಲಾರಿಯ ಹಣೆಯನ್ನೊಮ್ಮೆ ನೋಡಿದರು. "ಆ ಹೆಸರು ಇಟ್ಟಾಕಿ ನಾನೇ ರೀ ಸರ್" ಎಂದು ಅವರ ಮುಖಕ್ಕೆ ಹೇಳಿ, ಸೆರಗು ಸಿಕ್ಕಿಸಿಕೊಂಡು ಕ್ಯಾಬಿನ್ನಿಗೆ ಹತ್ತಿದೆ.

ದಾರಿಯುದ್ದಕ್ಕೂ ಬೈದೆ. ಮಾನ ಮರ್ಯಾದೆ ಇಲ್ಲವೇ, ನಾಲ್ಕು ಜನರೆದುರು ಹೆಂಡತಿಯ ಹೆಸರು ಹಿಡಿದು ಹೀಗೆ ಅರಚುತ್ತಾರೆಯೇ, ನಾಳೆ ಆ ಹುಡುಗಿಯರೆದುರು ಯಾವ ಮುಖ ಹೊತ್ತು ಪಾಠ ಮಾಡಲಿ ಎಂದೆಲ್ಲ ಅಂದೆ. ಇವರು ಗೇರು ಬದಲಿಸುತ್ತ ಎಲ್ಲವನ್ನೂ ಕೇಳಿಸಿಕೊಂಡು, "ಆಯ್ತು ತಗೋ, ಇನ್ನ ಮ್ಯಾಲ ಕರಿಯೂದಿಲ್ಲ" ಎಂದರು.

"ಕರೀಬ್ಯಾಡ್ರಿ ಅಂತ ಯಾರಂದ್ರು? ನಾಳಿಂದ ಸ್ವಲ್ಪ ಮೆಲ್ಲಗ ಕರೀರಿ ಅಂದೆ" ಎಂದು ಇನ್ನೂ ಜೋರಾಗಿ ರೇಗಿದೆ.